ತಾರಸಿಯ ಮೇಲಿನ ತಂತಿ

ಬೆಂಗಳೂರಿನ ದಕ್ಷಿಣ ಭಾಗದ ಜಯಪ್ರಕಾಶ ನಗರದಲ್ಲಿ, ನಾಲ್ಕು ಅಂತಸ್ತಿನ ಒಂದು ಕಟ್ಟಡದ ತಾರಸಿಯ ಮೇಲೆ, ಈಚಿನವರೆಗೆ ಹತ್ತು ಮೀಟರು ಉದ್ದದ ಒಂದು ತಾಮ್ರದ ತಂತಿ ಇತ್ತು. ಕಟ್ಟಿದವರು ನಮ್ಮ ಊರಿನವರೇ. ಮಿಲ್ಲಿನ ವಿದ್ಯುತ್ ವಿಭಾಗದಲ್ಲಿ ದುಡಿದು, ಮಿಲ್ಲು ಬಾಗಿಲು ಹಾಕಿದ ಮೇಲೆ ಮಗನ ಮನೆ ಸೇರಿದ ಹಿರಿಯರು. ಹಗಲು ಮೊಮ್ಮಗಳನ್ನು ನೋಡಿಕೊಂಡು, ಸಂಜೆ ದೀಪ ಹಚ್ಚುವ ಹೊತ್ತಿಗೆ ತಾರಸಿ ಹತ್ತಿ, ಒಂದು ರೇಡಿಯೋ, ಒಂದು ನೋಟುಬುಕ್ಕು ಇಟ್ಟುಕೊಂಡು ದೂರದೇಶದ ಶಾರ್ಟ್‌ವೇವ್ ಕೇಂದ್ರಗಳನ್ನು ಹುಡುಕುವುದು ಅವರ ಹವ್ಯಾಸ. ಹೋದ ತಿಂಗಳು ಕಟ್ಟಡದ ಸಂಘದವರು ಅವರಿಗೆ ಒಂದು ನೋಟೀಸು ಕೊಟ್ಟರು. ತಂತಿಯಿಂದ ಕಟ್ಟಡದ ಅಂದ ಕೆಡುತ್ತದೆ, ಸಿಡಿಲಿನ ಭಯವಿದೆ, ಮೇಲಾಗಿ ಈ ವಯಸ್ಸಿನಲ್ಲಿ ಹೊರದೇಶದ ರೇಡಿಯೋ ಕೇಳುವ ಅಗತ್ಯವೇನು ಎಂಬುದು ನೋಟೀಸಿನ ಸಾರ. ಹಿರಿಯರು ಮಗನಿಗೆ ಮುಜುಗರವಾಗಬಾರದೆಂದು ತಂತಿಯನ್ನು ಸುತ್ತಿ ಮಂಚದ ಕೆಳಗೆ ಇಟ್ಟರು.

ಅದೇ ತಾರಸಿಯ ಇನ್ನೊಂದು ಮೂಲೆಯಲ್ಲಿ ಒಂದು ಮೊಬೈಲ್ ಗೋಪುರ ನಿಂತಿದೆ. ಅದರಿಂದ ಕಟ್ಟಡದ ಅಂದ ಕೆಟ್ಟಿತೆಂದು ಯಾರೂ ಹೇಳಿಲ್ಲ. ತಿಂಗಳು ತಿಂಗಳು ಬಾಡಿಗೆ ಬರುತ್ತದೆ. ತಂತಿಯಿಂದ ಬಾಡಿಗೆ ಬರುತ್ತಿರಲಿಲ್ಲ. ಇಷ್ಟೇ ವ್ಯತ್ಯಾಸ.

ಬೆಲೆಗಳು ಏರುತ್ತಿರುವಾಗ, ಮುಚ್ಚಿದ ಮಿಲ್ಲಿನ ಕಾರ್ಮಿಕರಿಗೆ ಬಾಕಿ ಸಿಗದಿರುವಾಗ, ಪೇಟೆಯ ಸಣ್ಣ ಅಂಗಡಿಯವನು ತೆರಿಗೆಯ ಲೆಕ್ಕದಲ್ಲಿ ನಲುಗುತ್ತಿರುವಾಗ, ಒಂದು ತಂತಿಯ ವಿಷಯವನ್ನು ಈ ಪತ್ರಿಕೆ ಏಕೆ ಎತ್ತಿಕೊಂಡಿತೆಂದು ಓದುಗ ಬಂಧುಗಳು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಕೂಲಿಯ ಪ್ರಶ್ನೆಗೂ ಕಿವಿಯ ಪ್ರಶ್ನೆಗೂ ನಂಟಿದೆ. ತನಗೆ ಬೇಕಾದ ಸುದ್ದಿಯನ್ನು ಯಾರ ದಯೆಯೂ ಇಲ್ಲದೆ ತಾನೇ ಪಡೆಯಬಲ್ಲವನನ್ನು ಮೋಸಗೊಳಿಸುವುದು ಕಷ್ಟ. ಆ ಶಕ್ತಿ ಬಡವನ ಕೈಯಲ್ಲಿ ಉಳಿದಿರುವ ಅಗ್ಗದ ಸಾಧನಗಳಲ್ಲಿ ಶಾರ್ಟ್‌ವೇವ್ ರೇಡಿಯೋ ಒಂದು. ಅದನ್ನು ಕಳೆದುಕೊಳ್ಳಬಾರದೆಂಬುದೇ ನಮ್ಮ ವಾದ.

ಮೊದಲು ಈ ಹವ್ಯಾಸವೆಂದರೇನು ಎಂಬುದನ್ನು ಹೇಳುತ್ತೇವೆ. ಪೇಟೆಯಲ್ಲಿ ಎಲ್ಲರೂ ಕೇಳುವ ಎಫ್‌ಎಂ ಅಲೆಗಳು ನೆಟ್ಟಗೆ ಹೋಗುತ್ತವೆ. ಕೆಲವು ಹತ್ತು ಮೈಲಿ ದಾಟಿದರೆ ಕೇಳಿಸುವುದಿಲ್ಲ. ಶಾರ್ಟ್‌ವೇವ್ ಹಾಗಲ್ಲ. ಸುಮಾರು ಹತ್ತು ಮೀಟರಿನಿಂದ ನೂರು ಮೀಟರಿನವರೆಗಿನ ಈ ಅಲೆಗಳು ಮೇಲಕ್ಕೆ ಹೋಗಿ, ವಾಯುಮಂಡಲದ ಎತ್ತರದಲ್ಲಿ ಸೂರ್ಯನ ಕಿರಣಗಳಿಂದ ವಿದ್ಯುದಂಶ ಪಡೆದ ಪದರಕ್ಕೆ ತಾಕಿ, ಬಾಗಿ, ಸಾವಿರಾರು ಮೈಲಿ ಆಚೆ ನೆಲಕ್ಕೆ ಇಳಿಯುತ್ತವೆ. ನೆಲಕ್ಕೆ ಬಡಿದು ಮತ್ತೆ ಮೇಲೇಳುವುದೂ ಉಂಟು. ಹೀಗೆ ಎರಡು ಮೂರು ನೆಗೆತಗಳಲ್ಲಿ ಒಂದು ಖಂಡದ ಮಾತು ಇನ್ನೊಂದು ಖಂಡದ ತಾರಸಿಗೆ ಬರುತ್ತದೆ. ಹಗಲಿನಲ್ಲಿ 16, 19 ಮೀಟರಿನ ಕಡೆ ಹುಡುಕಬೇಕು. ರಾತ್ರಿ 41, 49 ಮೀಟರಿನ ಕಡೆಗೆ ತಿರುಗಬೇಕು. 25, 31 ಮೀಟರುಗಳು ಸಂಜೆಗೆ ಚೆನ್ನು. ಸೂರ್ಯ ಹುಟ್ಟುವ, ಮುಳುಗುವ ಹೊತ್ತಿನಲ್ಲಿ ಎಂದೂ ಕೇಳದ ದನಿಗಳು ಕೆಲವು ನಿಮಿಷ ಬಂದು ಮಾಯವಾಗುತ್ತವೆ. ಸೂರ್ಯನ ಕಲೆಗಳು ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಹೆಚ್ಚಿ ತಗ್ಗುತ್ತವೆ. ಅವು ಹೆಚ್ಚಿದಾಗ ಕಿರಿಯ ಮೀಟರುಗಳು ಚುರುಕಾಗುತ್ತವೆ. ಈ ಸಲದ ಏರು 2024ರ ಸುಮಾರಿಗೆ ಬಂತು.

ದೂರದ ಕೇಂದ್ರ ಹಿಡಿಯುವುದನ್ನು ಹವ್ಯಾಸಿಗಳು ಡಿಎಕ್ಸ್ ಎನ್ನುತ್ತಾರೆ. ಹಿಡಿದದ್ದನ್ನು ಬರೆದಿಡಬೇಕು: ಯಾವ ದಿನ, ಲೋಕದ ಹೊತ್ತಿನ ಪ್ರಕಾರ ಎಷ್ಟು ಗಂಟೆ, ಯಾವ ಮೀಟರು, ಏನು ಕೇಳಿಸಿತು. ಲೋಕದ ಹೊತ್ತೆಂದರೆ ನಮ್ಮ ಗಡಿಯಾರದಲ್ಲಿ ಐದೂವರೆ ಗಂಟೆ ಕಳೆದರೆ ಬರುವ ಹೊತ್ತು. ದನಿಯ ಗುಣಕ್ಕೆ ಸಿನ್ಪೊ ಎಂಬ ಐದು ಅಂಕಿಗಳ ಲೆಕ್ಕವಿದೆ. ಬಲ, ಪಕ್ಕದ ಕೇಂದ್ರದ ಅಡ್ಡಿ, ಗದ್ದಲ, ಏರಿಳಿತ, ಒಟ್ಟು ಗುಣ ಇವಕ್ಕೆ ಒಂದರಿಂದ ಐದರವರೆಗೆ ಅಂಕ ಹಾಕಿ ಕೇಂದ್ರಕ್ಕೆ ಕಾಗದ ಬರೆದರೆ, ನೀವು ಕೇಳಿದ್ದು ನಿಜವೆಂದು ಅವರು ಒಂದು ಕಾರ್ಡು ಕಳಿಸುತ್ತಾರೆ. ಆ ಕಾರ್ಡಿಗೆ ಕ್ಯೂಎಸ್‌ಎಲ್ ಎಂದು ಹೆಸರು. ನಮ್ಮ ಹಿರಿಯರ ಬಳಿ ಇಂತಹ ಕಾರ್ಡುಗಳ ಒಂದು ಟ್ರಂಕೇ ಇದೆ. ಪಾಸ್‌ಪೋರ್ಟು ಎಂದೂ ಮಾಡಿಸದ ಮಿಲ್ ಕಾರ್ಮಿಕನೊಬ್ಬನಿಗೆ ಮಾಸ್ಕೋ, ಕೊಲಂಬೋ, ಹಿಲ್ವರ್ಸಮ್ ಕೇಂದ್ರಗಳು ಹೆಸರು ಬರೆದು ಉತ್ತರ ಕೊಟ್ಟಿದ್ದವು. ಮಿಲ್ಲಿನ ಆಡಳಿತ ಅವರನ್ನು ಟೋಕನ್ ನಂಬರಿನಿಂದ ಕರೆಯುತ್ತಿತ್ತು.

ಈ ಕೆಲಸಕ್ಕೆ ಕನ್ನಡ ನಾಡು ಹೊಸದಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಅದರ ಬಲ 30 ವಾಟ್. ಒಂದು ಸಣ್ಣ ಬಲ್ಬಿನಷ್ಟು. ಆಕಾಶವಾಣಿ ಎಂಬ ಹೆಸರು ಆ ಕೇಂದ್ರದ್ದು. ಮುಂದೆ ಇಡೀ ದೇಶದ ಬಾನುಲಿಗೆ ಅದೇ ಹೆಸರಾಯಿತು. 1955ರ ನವೆಂಬರಿನಲ್ಲಿ ಆ ಕೇಂದ್ರ ಬೆಂಗಳೂರಿಗೆ ಬಂತು. ಅದಕ್ಕೆ ಏಳು ವರ್ಷ ಮೊದಲು, 1948ರಲ್ಲಿ, ಜಯನಗರಕ್ಕೆ ಅಡಿಗಲ್ಲು ಬಿದ್ದಿತ್ತು. ಹೊಸ ಬಡಾವಣೆಯ ಮನೆಗಳ ಹಿತ್ತಿಲಿನ ತೆಂಗಿನ ಮರದಿಂದ ಬಿದಿರ ಗಳಕ್ಕೆ ಏರಿಯಲ್ ತಂತಿ ಎಳೆಯುವುದು ಆಗ್ಗೆ ಸಾಮಾನ್ಯ ನೋಟ. ರೇಡಿಯೋ ಕೇಳುವುದಕ್ಕೂ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸು ಪಡೆಯಬೇಕಾಗಿತ್ತು. 1980ರ ದಶಕದಲ್ಲಷ್ಟೆ ಅದು ಹೋಯಿತು. ಅಂದರೆ ಕೇಳುವ ಹಕ್ಕು ನಮಗೆ ಪೂರ್ತಿಯಾಗಿ ಬಂದು ಇನ್ನೂ ಅರ್ಧ ಶತಮಾನವೂ ಆಗಿಲ್ಲ.

ಇನ್ನು ಜಯಪ್ರಕಾಶ ನಗರಕ್ಕೆ ಆ ಹೆಸರು ಕೊಟ್ಟ ಮಹನೀಯರ ಮಾತು. ಆ ಬಡಾವಣೆಯವರು ದಿನಕ್ಕೆ ಹತ್ತು ಸಲ ಜೆ.ಪಿ. ನಗರ ಎನ್ನುತ್ತಾರೆ. ಜೆ.ಪಿ. ಎಂದರೆ ಯಾರೆಂದು ಎಷ್ಟು ಜನ ನೆನೆಯುತ್ತಾರೋ ಕಾಣೆವು. 1942ರ ಆಗಸ್ಟ್‌ನಲ್ಲಿ ನಾಯಕರೆಲ್ಲ ಜೈಲು ಸೇರಿ, ಪತ್ರಿಕೆಗಳ ಬಾಯಿ ಕಟ್ಟಿದಾಗ, ಬೊಂಬಾಯಿಯ ಕೆಲವು ತರುಣರು ಗುಪ್ತ ರೇಡಿಯೋ ಒಂದನ್ನು ನಡೆಸಿದರು. ಇಪ್ಪತ್ತೆರಡು ವರ್ಷದ ವಿದ್ಯಾರ್ಥಿನಿ ಉಷಾ ಮೆಹ್ತಾ ಅದರ ದನಿ. ನಮ್ಮ ಸಮಾಜವಾದಿ ಬಳಗದ ಡಾ. ರಾಮಮನೋಹರ ಲೋಹಿಯಾ ಅದರ ಬೆನ್ನೆಲುಬು. ಕಾಂಗ್ರೆಸ್ ರೇಡಿಯೋ ಎಂಬ ಆ ಕೇಂದ್ರ 42.34 ಮೀಟರಿನಲ್ಲಿ ಮಾತಾಡುತ್ತಿತ್ತು. ಪೊಲೀಸರಿಗೆ ಸಿಗದಂತೆ ಮನೆಯಿಂದ ಮನೆಗೆ ಯಂತ್ರವನ್ನು ಹೊತ್ತು ತಿರುಗಿದರು. ನವೆಂಬರ್ 9ರ ದೀಪಾವಳಿಯ ರಾತ್ರಿ ಜಯಪ್ರಕಾಶರು ಹಜಾರಿಬಾಗ್ ಜೈಲಿನ ಗೋಡೆ ಹಾರಿದರು. ಮೂರು ದಿನದ ಮೇಲೆ, ನವೆಂಬರ್ 12ರಂದು, ರೇಡಿಯೋ ಪೊಲೀಸರ ಕೈಗೆ ಸಿಕ್ಕಿತು. ಉಷಾ ಮೆಹ್ತಾ ನಾಲ್ಕು ವರ್ಷದ ಸಜೆ ಅನುಭವಿಸಿದರು.

ಆ ರೇಡಿಯೋವನ್ನು ನಡೆಸಿದವರ ಹೆಸರು ಚರಿತ್ರೆಯಲ್ಲಿದೆ. ಬಾಗಿಲು ಹಾಕಿಕೊಂಡು ಅದನ್ನು ಕೇಳಿದವರ ಹೆಸರು ಎಲ್ಲಿಯೂ ಇಲ್ಲ. ಕೇಳುವವರಿಲ್ಲದಿದ್ದರೆ ಆ ಸಾಹಸಕ್ಕೆ ಅರ್ಥವೇ ಇರುತ್ತಿರಲಿಲ್ಲ. ಡಯಲಿನ ಮೇಲೆ 42.34 ಮೀಟರಿನ ಜಾಗ ಇಂದು ಪರವಾನಗಿ ಪಡೆದ ಹವ್ಯಾಸಿ ರೇಡಿಯೋದವರ, ಅಂದರೆ ಹ್ಯಾಮ್‌ಗಳ ಪಟ್ಟಿಯಲ್ಲಿದೆ. ತಕ್ಕ ಸೆಟ್ಟಿದ್ದವರಿಗೆ ಸಂಜೆ ಅಲ್ಲಿ ಊರೂರಿನ ಹ್ಯಾಮ್‌ಗಳ ಮಾತುಕತೆ ಕೇಳಿಸುತ್ತದೆ.

1975ರ ಜೂನ್ ತಿಂಗಳಿಗೆ ಬರೋಣ. ತುರ್ತುಪರಿಸ್ಥಿತಿ ಹೇರಿದ ರಾತ್ರಿ ಜಯಪ್ರಕಾಶರನ್ನು ದೆಹಲಿಯಲ್ಲಿ ಹಿಡಿದರು. 26ರಂದು ಬೆಂಗಳೂರಿನಲ್ಲೇ ಸಮಾಜವಾದಿ ನಾಯಕ ಮಧು ದಂಡವತೆ, ವಾಜಪೇಯಿ, ಅಡ್ವಾಣಿ ಅವರನ್ನು ಹಿಡಿದು ಜೈಲಿಗಟ್ಟಿದರು. ಪತ್ರಿಕೆಗಳಿಗೆ ಸೆನ್ಸಾರು ಬಂತು. ಆಕಾಶವಾಣಿ ಸರ್ಕಾರದ ಮಾತನ್ನಷ್ಟೇ ಆಡಿತು. ಬಿಬಿಸಿಯ ವರದಿಗಾರ ದೇಶ ಬಿಟ್ಟು ಹೋಗಬೇಕಾಯಿತು. ಆದರೂ ಲಂಡನ್ನಿನಿಂದ ಬರುವ ಅಲೆಯನ್ನು ತಡೆಯುವುದು ಸರ್ಕಾರದವರಿಂದ ಆಗಲಿಲ್ಲ. ದೇಶದಲ್ಲಿ ಏನಾಗುತ್ತಿದೆ ಎಂಬುದನ್ನು ತಿಳಿಯಲು ಜನ ರಾತ್ರಿ ದನಿ ತಗ್ಗಿಸಿ ಶಾರ್ಟ್‌ವೇವ್ ತಿರುಗಿಸಿದರು. 1984ರ ಅಕ್ಟೋಬರ್ 31ರಂದೂ ಹಾಗೆಯೇ. ಪ್ರಧಾನಿ ಇಂದಿರಾ ಗಾಂಧಿಯವರ ಸಾವಿನ ಸುದ್ದಿಯನ್ನು ಆಕಾಶವಾಣಿ ಸಂಜೆಯವರೆಗೆ ಹೇಳಲಿಲ್ಲ. ಗಂಟೆಗಟ್ಟಲೆ ಮೊದಲೇ ಬಿಬಿಸಿ ಹೇಳಿತ್ತು. ಒಬ್ಬಳು ಪ್ರಧಾನಿಯ ಕಾಲದಲ್ಲಿ ಯಾವ ದನಿಯನ್ನು ಅಡಗಿಸಲು ನೋಡಿದರೋ, ಅದೇ ಪ್ರಧಾನಿಯ ಸಾವಿನ ಸುದ್ದಿಗೆ ದೇಶ ಅದೇ ದನಿಯನ್ನು ನಂಬಬೇಕಾಯಿತು.

ಇದೆಲ್ಲ ಹಳೆಯ ಕಾಲದ ಮಾತಾಯಿತು, ಈಗ ಕೈಯಲ್ಲಿ ಮೊಬೈಲ್ ಇದೆಯಲ್ಲ ಎಂದು ತರುಣರು ಹೇಳುತ್ತಾರೆ. ಬಿ.ಟಿ.ಎಂ. ಬಡಾವಣೆಯ ಬಾಡಿಗೆ ಕೋಣೆಗಳಲ್ಲಿರುವ ನಮ್ಮ ಜಿಲ್ಲೆಯ ಹುಡುಗರೂ ಹೀಗೆಯೇ ಹೇಳುತ್ತಾರೆ. ಮೊಬೈಲ್ ಒಳ್ಳೆಯ ಸಾಧನ, ನಾವು ಅದನ್ನು ಹಳಿಯುವವರಲ್ಲ. ಆದರೆ ಮೂರು ಸಂಗತಿಗಳನ್ನು ಮರೆಯಬಾರದು. ಮೊಬೈಲಿನಲ್ಲಿ ಕೇಳಬೇಕಾದರೆ ತಿಂಗಳು ತಿಂಗಳು ಕಂಪನಿಗೆ ಹಣ ಕಟ್ಟಬೇಕು. ಕಟ್ಟದವನ ಕಿವಿ ಮುಚ್ಚುತ್ತದೆ. ಏನು ಕೇಳಿದೆ, ಎಷ್ಟು ಹೊತ್ತು ಕೇಳಿದೆ ಎಂಬುದೆಲ್ಲ ಬೇರೊಬ್ಬರ ಲೆಕ್ಕದ ಪುಸ್ತಕಕ್ಕೆ ಸೇರುತ್ತದೆ. ರೇಡಿಯೋ ಕೇಳುವವನನ್ನು ಪ್ರಸಾರದವನೂ ಅರಿಯ. ಮೂರನೆಯದು, ಒಂದು ಆಜ್ಞೆಯಿಂದ ಊರಿಗೆ ಊರನ್ನೇ ಕಿವುಡು ಮಾಡಬಹುದು. 2019ರ ಆಗಸ್ಟ್‌ನಲ್ಲಿ ಕಾಶ್ಮೀರದಲ್ಲಿ ಇಂಟರ್ನೆಟ್ ಕಡಿದರು. ವೇಗದ ಸಂಪರ್ಕ ಪೂರ್ತಿ ಮರಳಿದ್ದು 2021ರ ಫೆಬ್ರವರಿಯಲ್ಲಿ. ಸರ್ಕಾರ ಕಡಿಯದಿದ್ದರೆ ಪ್ರಕೃತಿ ಕಡಿಯುತ್ತದೆ. 2022ರ ಜನವರಿಯಲ್ಲಿ ಟೋಂಗಾ ದ್ವೀಪಗಳ ಬಳಿ ಜ್ವಾಲಾಮುಖಿ ಸಿಡಿದು ಸಮುದ್ರದ ಕೇಬಲ್ಲು ಹರಿದಾಗ ನ್ಯೂಜಿಲೆಂಡಿನ ಶಾರ್ಟ್‌ವೇವ್ ಅಲ್ಲಿಗೆ ತಲುಪುತ್ತಿತ್ತು. ಆ ಸಣ್ಣ ದೇಶ 2024ರಲ್ಲಿ ಹೊಸ ಶಾರ್ಟ್‌ವೇವ್ ಪ್ರಸಾರ ಯಂತ್ರವನ್ನೇ ಹಾಕಿತು. 2022ರ ಯುದ್ಧ ಹತ್ತಿದಾಗ ಬಿಬಿಸಿಯೂ ಉಕ್ರೇನಿಗೆ ದಿನಕ್ಕೆ ನಾಲ್ಕು ಗಂಟೆ ಶಾರ್ಟ್‌ವೇವ್ ಪ್ರಸಾರ ಮತ್ತೆ ಆರಂಭಿಸಿತು.

ಹೊರದೇಶದ ಕೇಂದ್ರಗಳು ತಮ್ಮ ತಮ್ಮ ಸರ್ಕಾರಗಳ ತುತ್ತೂರಿಯಲ್ಲವೇ ಎಂಬ ಇನ್ನೊಂದು ಆಕ್ಷೇಪಣೆಯಿದೆ. ಹೌದು, ಎಷ್ಟೋ ಮಟ್ಟಿಗೆ ಹೌದು. ಮಾಸ್ಕೋ ರೇಡಿಯೋ ಮಾಸ್ಕೋದ ಮಾತು ಆಡಿತು, ಅಮೆರಿಕೆಯದು ಅಮೆರಿಕೆಯ ಮಾತು, ಪೀಕಿಂಗ್ ತನ್ನದು. ಯಾವ ಒಂದನ್ನೂ ಕಣ್ಣುಮುಚ್ಚಿ ನಂಬಿರೆಂದು ನಾವು ಹೇಳುವುದಿಲ್ಲ. ಹತ್ತಿ ಮಾರುವ ರೈತ ಒಂದೇ ಮಂಡಿಯ ಧಾರಣೆ ಕೇಳಿ ಗಾಡಿ ಇಳಿಸುವುದಿಲ್ಲ. ಮೂರು ಕಡೆ ವಿಚಾರಿಸುತ್ತಾನೆ. ದಿನಸಿ ಅಂಗಡಿಯವನು ಸಗಟು ವ್ಯಾಪಾರಿಯ ಬಾಯಿಮಾತಿಗೆ ಬೆಲ್ಲ ತುಂಬಿಸುವುದಿಲ್ಲ. ಸುದ್ದಿಯೂ ಸರಕೇ. ಒಂದೇ ಘಟನೆಯನ್ನು ಮೂರು ರಾಜಧಾನಿಗಳಿಂದ ಒಂದೇ ರಾತ್ರಿ ಕೇಳಿದವನಿಗೆ ಯಾರು ಏನನ್ನು ಬಿಟ್ಟರು ಎಂಬುದು ತಾನಾಗಿ ತಿಳಿಯುತ್ತದೆ. ನಮ್ಮ ಹಿರಿಯರು ಮಿಲ್ಲಿನ ಮುಷ್ಕರದ ದಿನಗಳಲ್ಲಿ ಆಡಳಿತದ ಪ್ರಕಟಣೆಯನ್ನು ಓದುವಾಗಲೂ ಇದೇ ಕಿವಿಯಿಂದ ಓದುತ್ತಿದ್ದರು. ಏನು ಬರೆದಿದೆ ಎಂಬುದಕ್ಕಿಂತ ಏನು ಬಿಟ್ಟಿದೆ ಎಂಬುದನ್ನು ಮೊದಲು ನೋಡುತ್ತಿದ್ದರು.

ಆದರೆ ಹುಡುಕುವವನಿಗೆ ಸಿಗುವ ದನಿಗಳು ಕಡಿಮೆಯಾಗುತ್ತ ಬಂದಿವೆ. ಹಿಲ್ವರ್ಸಮ್ಮಿನ ರೇಡಿಯೋ ನೆದರ್‌ಲೆಂಡ್ಸ್ 2012ರಲ್ಲಿ ಶಾರ್ಟ್‌ವೇವ್ ನಿಲ್ಲಿಸಿತು. ಆಸ್ಟ್ರೇಲಿಯಾ 2017ರ ಜನವರಿಯಲ್ಲಿ ನಿಲ್ಲಿಸಿತು. ಬಿಬಿಸಿಯ ಹಿಂದಿ ಶಾರ್ಟ್‌ವೇವ್ 2020ರ ಜನವರಿ 31ರಂದು ಮುಗಿಯಿತು. 2025ರ ಮಾರ್ಚ್‌ನಲ್ಲಿ ಅಮೆರಿಕೆಯ ಅಧ್ಯಕ್ಷರ ಒಂದು ಆಜ್ಞೆಯಿಂದ ವಾಯ್ಸ್ ಆಫ್ ಅಮೆರಿಕದ ನೌಕರರು ರಜೆಯ ಮೇಲೆ ಮನೆಗೆ ಹೋದರು. ನಮ್ಮ ಆಕಾಶವಾಣಿಯೂ ಪ್ರಾದೇಶಿಕ ಶಾರ್ಟ್‌ವೇವ್ ಯಂತ್ರಗಳನ್ನು ಒಂದೊಂದಾಗಿ ಆರಿಸುತ್ತ ಬಂತು. ಇದಕ್ಕೆ ಎಲ್ಲರೂ ಕೊಡುವ ಕಾರಣ ಖರ್ಚು. ಖರ್ಚು ಇದೆ, ನಿಜ. ಆಸ್ಪತ್ರೆಗೂ ಖರ್ಚಿದೆ, ಶಾಲೆಗೂ ಖರ್ಚಿದೆ. ಲಾಭ ಬರುವುದಿಲ್ಲವೆಂದು ಮುಚ್ಚುವುದಾದರೆ ಸಾರ್ವಜನಿಕ ಸೇವೆ ಎಂಬ ಮಾತನ್ನೇ ಬಿಡಬೇಕು.

ನಮ್ಮ ರಾಜ್ಯದಲ್ಲೇ, ಬೆಂಗಳೂರಿನ ಉತ್ತರಕ್ಕೆ ದೊಡ್ಡಬಳ್ಳಾಪುರದ ರಸ್ತೆಯಲ್ಲಿ, ಆಕಾಶವಾಣಿಯ ಭಾರಿ ಶಾರ್ಟ್‌ವೇವ್ ಪ್ರಸಾರ ಕೇಂದ್ರವಿದೆ. 1994ರಲ್ಲಿ ಆರಂಭವಾದ ಅಲ್ಲಿ 500 ಕಿಲೋವಾಟ್ ಬಲದ ಆರು ಯಂತ್ರಗಳನ್ನು ಕೂಡಿಸಿದರು. ಗೋಪಾಲಸ್ವಾಮಿಯವರ 30 ವಾಟ್ ಎಲ್ಲಿ, ಈ ಐದು ಲಕ್ಷ ವಾಟ್ ಎಲ್ಲಿ! ಜನರ ತೆರಿಗೆಯಿಂದ ಕಟ್ಟಿದ ಈ ಸ್ವತ್ತು ಗುಜರಿಗೆ ಹೋಗಕೂಡದು. 1995ರ ಫೆಬ್ರವರಿ 9ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ರೇಡಿಯೋ ಅಲೆಗಳು ಸಾರ್ವಜನಿಕ ಸ್ವತ್ತೆಂದು ಹೇಳಿದೆ. ಸ್ವತ್ತು ಸಾರ್ವಜನಿಕರದಾದರೆ ಅದರ ಉಪಯೋಗದಲ್ಲಿ ಸಾರ್ವಜನಿಕರ ಮಾತು ನಡೆಯಬೇಕು. ಇತ್ತ 2001ರಲ್ಲಿ ಬೆಂಗಳೂರಿನಿಂದಲೇ ಆರಂಭವಾದ ಖಾಸಗಿ ಎಫ್‌ಎಂಗಳಿಗೆ ಪರವಾನಗಿ ಕೊಡುವಾಗ, ಹಾಡು ಹಾಕಿರಿ, ಜಾಹೀರಾತು ಹಾಕಿರಿ, ಸ್ವಂತ ಸುದ್ದಿ ಮಾತ್ರ ಬೇಡ ಎಂಬ ಷರತ್ತು ಹಾಕಿದರು. ಸಾಬೂನು ಮಾರಲು ಅಲೆ ಉಂಟು, ಸುದ್ದಿ ಹೇಳಲು ಇಲ್ಲ!

ಕೇಂದ್ರಗಳು ಉಳಿದರೂ ಕೇಳಿಸಬೇಕಲ್ಲ. ದಕ್ಷಿಣ ಬೆಂಗಳೂರಿನ ಬಡಾವಣೆಗಳಲ್ಲಿ ಈಗ ಸಂಜೆಯಾದರೆ ರೇಡಿಯೋದಲ್ಲಿ ಗರಗರ ಸದ್ದು. ಅಗ್ಗದ ಎಲ್‌ಇಡಿ ಬಲ್ಬುಗಳು, ಮೊಬೈಲ್ ಚಾರ್ಜರುಗಳು, ಇನ್ವರ್ಟರುಗಳು, ಲಿಫ್ಟಿನ ಮೋಟಾರುಗಳು ಇವೆಲ್ಲ ಅಲೆಗಳಿಗೆ ಕಸ ಸುರಿಯುತ್ತವೆ. ಒಳಗೆ ಒಂದು ಸುರುಳಿ, ಒಂದು ಕೆಪಾಸಿಟರ್ ಹಾಕಿದ್ದರೆ ಈ ಕಸ ಬಹುಮಟ್ಟಿಗೆ ನಿಲ್ಲುತ್ತದೆ. ಅಗ್ಗದ ಮಾಲು ಮಾಡುವವನು ಲಾಭಕ್ಕಾಗಿ ಅದನ್ನೇ ಬಿಡುತ್ತಾನೆ. ಚರಂಡಿಗೆ ಕಾರ್ಖಾನೆಯ ಕೊಳಕು ಬಿಟ್ಟರೆ ನಾವು ಪ್ರತಿಭಟಿಸುತ್ತೇವೆ. ಆಕಾಶಕ್ಕೆ ಬಿಟ್ಟ ಕೊಳಕು ಕಣ್ಣಿಗೆ ಕಾಣದ ಕಾರಣ ಯಾರೂ ಕೇಳುವುದಿಲ್ಲ. ಬನಶಂಕರಿಯ ಕಡೆಯ ಹವ್ಯಾಸಿಗೆ ಒಂದು ಶುದ್ಧ ದನಿ ಬೇಕಾದರೆ ರೇಡಿಯೋ ಕಂಕುಳಲ್ಲಿಟ್ಟುಕೊಂಡು ತುರಹಳ್ಳಿ ಕಾಡಿನ ಅಂಚಿಗೆ ಹೋಗಬೇಕಾದ ಸ್ಥಿತಿ ಬಂದಿದೆ.

ಆದುದರಿಂದ ನಾವು ಕೇಳುವುದು ಇಷ್ಟು. ದೊಡ್ಡಬಳ್ಳಾಪುರ ರಸ್ತೆಯ ಯಂತ್ರಗಳನ್ನು ಸುಸ್ಥಿತಿಯಲ್ಲಿ ಇಟ್ಟು, ಕೊಲ್ಲಿ ದೇಶಗಳಲ್ಲೂ ಹೊರರಾಜ್ಯಗಳಲ್ಲೂ ದುಡಿಯುವ ಕನ್ನಡಿಗರಿಗಾಗಿ ಅದರಲ್ಲಿ ಕನ್ನಡಕ್ಕೆ ತಕ್ಕ ಪಾಲು ಕೊಡಬೇಕು. ಅಲೆಗಳಿಗೆ ಕಸ ಸುರಿಯುವ ಮಾಲಿನ ಮೇಲೆ ತಯಾರಕನನ್ನು ಹಿಡಿಯಬೇಕು. ಚಿಲ್ಲರೆ ಅಂಗಡಿಯವನ ಮೇಲೆ ದಂಡ ಹಾಕಿ ಕೈತೊಳೆದುಕೊಳ್ಳಬಾರದು. ಗೋಪುರಕ್ಕೆ ಜಾಗ ಕೊಡುವ ತಾರಸಿಯಲ್ಲಿ ನಿವಾಸಿಯ ಹತ್ತು ಮೀಟರು ತಂತಿಗೂ ಜಾಗವಿರಬೇಕು. ಸಿಡಿಲಿನ ಮಾತು ಸುಳ್ಳಲ್ಲ. ಏಪ್ರಿಲ್, ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ತಂತಿಯನ್ನು ಸೆಟ್ಟಿನಿಂದ ಬಿಡಿಸಿ ಹೊರಗಿಡಬೇಕು, ಮೋಡ ಕವಿದರೆ ಕೆಳಗಿಳಿಯಬೇಕು. ಮಿಲ್ಲಿನಲ್ಲಿ ಮೋಟಾರುಗಳ ನಡುವೆ ಬದುಕಿದ ನಮ್ಮ ಹಿರಿಯರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಸರ್ಕಾರದವರು ಮಾಡುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. 1956ರಲ್ಲಿ ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ರೈತರು ಒಟ್ಟಾಗಿ ಕೂತು ರೇಡಿಯೋ ಕೇಳಿ, ಆಮೇಲೆ ಚರ್ಚಿಸುವ ಕೂಟಗಳನ್ನು ಆಕಾಶವಾಣಿ ನಡೆಸಿತ್ತು. ಅದೇ ಕೆಲಸ ನಮ್ಮ ಕಾರ್ಮಿಕ ಸಂಘದ ಕೋಣೆಯಲ್ಲೂ ವರ್ತಕರ ಸಂಘದ ಕೋಣೆಯಲ್ಲೂ ಆಗಬಹುದು. ಅಟ್ಟದ ಮೇಲಿನ ಹಳೆಯ ಮರ್ಫಿಯನ್ನೋ ಫಿಲಿಪ್ಸನ್ನೋ ಇಳಿಸಿರಿ. ಬಿಡಿಭಾಗಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರ ಕೈಯಲ್ಲಿ ಹೇಳಿ ಕಳಿಸಿರಿ. ಹತ್ತು ಮೀಟರು ತಂತಿ ಕಿಟಕಿಯಿಂದ ಮರಕ್ಕೆ ಎಳೆಯಿರಿ. ವಾರಕ್ಕೊಂದು ಸಂಜೆ ಮಕ್ಕಳನ್ನೂ ಕೂರಿಸಿಕೊಂಡು ಕೇಳಿರಿ, ಕೇಳಿದ್ದನ್ನು ಬರೆದಿಡಿರಿ, ಒಂದು ಕೇಂದ್ರಕ್ಕಾದರೂ ಕಾಗದ ಹಾಕಿರಿ. ಇಷ್ಟು ಜನ ಕೇಳುತ್ತಿದ್ದೇವೆಂದು ಕಾಗದದ ಮೂಲಕ ತಿಳಿಸದಿದ್ದರೆ, ಕೇಳುವವರೇ ಇಲ್ಲವೆಂದು ಹೇಳಿ ಮುಚ್ಚುವವರಿಗೆ ನಾವೇ ಸಾಕ್ಷಿ ಒದಗಿಸಿದಂತಾಗುತ್ತದೆ.

ಜಯಪ್ರಕಾಶ ನಗರದ ಆ ಕಟ್ಟಡದ ಸಂಘದ ವಾರ್ಷಿಕ ಸಭೆ ಮುಂದಿನ ತಿಂಗಳು ಇದೆ. ತಂತಿಯ ವಿಷಯವನ್ನು ಸಭೆಯ ಮುಂದೆ ಇಡಬೇಕೆಂದು ಹಿರಿಯರ ಮಗನೇ ಅರ್ಜಿ ಕೊಟ್ಟಿದ್ದಾನೆ. ಅಪ್ಪನಿಗೆ ಮೊದಲು ಹೇಳದೆ ಕೊಟ್ಟನಂತೆ. ಸಂಘದ ಸದಸ್ಯರಲ್ಲಿ ನಮ್ಮ ಓದುಗರ ಬಂಧುಗಳು ಯಾರಾದರೂ ಇದ್ದರೆ ಅವರಲ್ಲಿ ನಮ್ಮದೊಂದೇ ಬಿನ್ನಹ. ಕೈ ಎತ್ತುವ ಮೊದಲು ನಿಮ್ಮ ಬಡಾವಣೆಯ ಹೆಸರನ್ನು ಒಮ್ಮೆ ಪೂರ್ತಿಯಾಗಿ ಉಚ್ಚರಿಸಿರಿ. ಅನಂತರ ಒಂದು ಸಂಜೆ ತಾರಸಿ ಹತ್ತಿ, ಹಿರಿಯರ ಪಕ್ಕದಲ್ಲಿ ಹತ್ತು ನಿಮಿಷ ಕೂತು ಕೇಳಿರಿ. ಆಮೇಲೆ ನಿಮ್ಮ ಮನಸ್ಸಿಗೆ ಬಂದಂತೆ ಮತ ಕೊಡಿರಿ.